ಅಬ್ಬಿಯ ಮೇಲಿನ ಊಟ

ರಾಪತನ ಕೈ ಯಾವಾಗಲೂ ತಣ್ಣಗಿರುತ್ತಿತ್ತು. ಮದುವೆಯ ದಿನ ಮಾಕರೆತಾ ಆ ಕೈ ಹಿಡಿದು ಬೆಚ್ಚಿಬಿದ್ದು, ಈ ಗಂಡಸಿಗೆ ಮೈಯಲ್ಲಿ ರಕ್ತ ಇದೆಯೋ ಇಲ್ಲವೋ ಎಂದು ತಂಗಿಯ ಕಿವಿಯಲ್ಲಿ ಕೇಳಿದ್ದಳಂತೆ. ರಕ್ತವೇನೋ ಬೇಕಾದಷ್ಟಿತ್ತು. ಆದರೆ ಚಳಿಗಾಲ ಬಂತೆಂದರೆ ಬೆಳಗಿನಿಂದ ಸಂಜೆಯವರೆಗೆ ಮೊಣಕೈ ಮುಳುಗುವಷ್ಟು ಹೊಳೆನೀರಿನಲ್ಲಿ ನಿಂತು ಟ್ರೌಟ್ ಮೀನಿನ ಹೊಟ್ಟೆ ನೀವುವವನ ಕೈ ಬೆಚ್ಚಗಿರುವುದಾದರೂ ಹೇಗೆ? ಅಂಥ ಚಳಿಗಾಲಗಳನ್ನು ಅವನು ಇಪ್ಪತ್ತಾರು ಕಳೆದ.

ಟೌಪೊ ಸರೋವರದ ದಕ್ಷಿಣ ದಂಡೆಯಲ್ಲಿ ಸರ್ಕಾರದ ಟ್ರೌಟ್ ಮರಿ ಕೇಂದ್ರವಿತ್ತು. ರಾಪತ ಅಲ್ಲಿನ ಹಳೆಯ ಆಳು. ಬಸಿರಿ ಮೀನನ್ನು ಕಂಕುಳಲ್ಲಿ ಅವುಚಿಕೊಂಡು ಹೆಬ್ಬೆರಳಿನಿಂದ ಹೊಟ್ಟೆಯನ್ನು ಮೇಲಿಂದ ಕೆಳಕ್ಕೆ ಒಮ್ಮೆ ನೀವಿದನೆಂದರೆ ಕಿತ್ತಳೆ ಬಣ್ಣದ ಮೊಟ್ಟೆಗಳು ಸರ್ರನೆ ಬೋಗುಣಿಗೆ ಇಳಿಯುತ್ತಿದ್ದವು. ಬೆರಳು ಸ್ವಲ್ಪ ಜೋರಾದರೆ ಮೊಟ್ಟೆಯ ಜೊತೆ ರಕ್ತ ಬರುತ್ತದೆ, ಸ್ವಲ್ಪ ಹಗುರವಾದರೆ ಮೀನು ಒದ್ದಾಡಿ ಬೋಗುಣಿಯನ್ನೇ ಉರುಳಿಸುತ್ತದೆ. ರಾಪತನ ಕೈಯಲ್ಲಿ ಎರಡೂ ಆಗುತ್ತಿರಲಿಲ್ಲ. ಗಂಡು ಮೀನಿನ ಹಾಲಿನಂಥ ವೀರ್ಯವನ್ನು ಅವುಗಳ ಮೇಲೆ ಹಿಂಡಿ, ಕೋಳಿಗರಿಯಿಂದ ಮೆಲ್ಲಗೆ ಕದಡಿ, ತಾಯಿಮೀನನ್ನು ಮತ್ತೆ ಹೊಳೆಗೆ ಬಿಡುವಾಗ ಅವನು ಪ್ರತಿಯೊಂದಕ್ಕೂ “ಆಯ್ತು ತಾಯಿ, ಆಯ್ತು, ಹೋಗು” ಎನ್ನುತ್ತಿದ್ದ. ಹೊಸದಾಗಿ ಸೇರಿದವರು ನಗುತ್ತಿದ್ದರು. ನಕ್ಕರೆ ನಗಲಿ, ಅವರ ಬೋಗುಣಿ ಉರುಳುತ್ತಿತ್ತು, ಇವನದು ಉರುಳುತ್ತಿರಲಿಲ್ಲ.

ಆ ಕೇಂದ್ರ ನಡೆಸುವ ಇಲಾಖೆಯ ಕಥೆಯೇ ಒಂದು ತಮಾಷೆ. ನಮ್ಮ ನಾಡಿನಲ್ಲಿ ಮೊದಲು ಜಿಂಕೆಯೂ ಇರಲಿಲ್ಲ, ಟ್ರೌಟೂ ಇರಲಿಲ್ಲ. ಬೇಟೆಯ ಶೋಕಿಗೆಂದು ಬಿಳಿಯರು ಎರಡನ್ನೂ ಹಡಗಿನಲ್ಲಿ ತಂದುಬಿಟ್ಟರು. ಜಿಂಕೆ ಮಿತಿಮೀರಿ ಹೆಚ್ಚಿ ಬೆಟ್ಟವನ್ನು ಬೋಳು ಮಾಡಿತು ಎಂದು ಈಗ ಸರ್ಕಾರವೇ ಸಂಬಳ ಕೊಟ್ಟು ಅದನ್ನು ಕೊಲ್ಲಿಸುತ್ತದೆ. ಟ್ರೌಟ್ ಕಮ್ಮಿಯಾಯಿತು ಎಂದು ಅದೇ ಸರ್ಕಾರ ಸಂಬಳ ಕೊಟ್ಟು ಅದನ್ನು ಸಾಕಿಸುತ್ತದೆ. ಒಂದೇ ಕಟ್ಟಡ, ಬಾಗಿಲು ಮಾತ್ರ ಎರಡು. ಮಾಕರೆತಾಳ ತಮ್ಮ ಟಿಯಾಕಿ ಆ ಇನ್ನೊಂದು ಬಾಗಿಲಿನವನು, ಜಿಂಕೆ ಹೊಡೆಯುವವನು. ಹೊಡೆದದ್ದಕ್ಕೆ ಗುರುತಾಗಿ ಜಿಂಕೆಯ ಬಾಲಗಳನ್ನು ಚೀಲದಲ್ಲಿ ತುಂಬಿಕೊಂಡು ಬೆಟ್ಟದಿಂದ ಇಳಿದು ಬಂದಾಗಲೆಲ್ಲ ರಾಪತನನ್ನು ಕೆಣಕದೆ ಬಿಡುತ್ತಿರಲಿಲ್ಲ.

“ನೀನು ಹೆರಿಗೆ ಮಾಡ್ಸು ಭಾವ, ನಾನು ಹೆಣ ಹಾಕ್ತೀನಿ. ಸಂಬ್ಳ ಕೊಡೋನು ಇಬ್ರಿಗೂ ಒಬ್ನೇ.”

ರಾಪತನ ತಾಯಿ ಅವನು ಅಂಬೆಗಾಲಿಡುವಾಗಲೇ ತೀರಿಕೊಂಡಿದ್ದಳು. ಸಾಕಿದ್ದೆಲ್ಲ ತಾಯಿಯ ತಾಯಿ, ರೀಪೆಕಾ ಅಜ್ಜಿ. ನಮ್ಮ ಕಡೆ ಅಜ್ಜಿಯನ್ನು ಕುಯಿ ಎನ್ನುತ್ತಾರೆ, ಅಜ್ಜಿ ಮೊಮ್ಮಕ್ಕಳನ್ನು ಮೊಕೊ ಎನ್ನುತ್ತಾಳೆ. ಇವನಿಗೆ ನಲವತ್ತೆಂಟಾಗಿ, ಮಗಳು ಹೂರಿಯಾ ಮದುವೆಯ ವಯಸ್ಸಿಗೆ ಬಂದಿದ್ದರೂ ಅಜ್ಜಿಗೆ ಇವನು ಮೊಕೊನೇ. ಅವಳಿಗೆ ಎಂಬತ್ತು ದಾಟಿತ್ತು. ಕಣ್ಣು ಮಂಜು, ಕಿವಿ ಚುರುಕು, ನಾಲಿಗೆ ಅದಕ್ಕಿಂತ ಚುರುಕು. ಮನೆಯ ಹಿಂದಿನ ಬಿಸಿನೀರಿನ ಬುಗ್ಗೆಯ ಮೇಲೆ ಮರದ ಪೆಟ್ಟಿಗೆಯಿಟ್ಟು ಅದರ ಆವಿಯಲ್ಲೇ ಅಡುಗೆ ಮಾಡುತ್ತಿದ್ದಳು. ಸೌದೆ ಒಲೆ ಕೊಡಿಸುತ್ತೇನೆಂದು ಮಾಕರೆತಾ ಎಷ್ಟು ಹೇಳಿದರೂ ಕೇಳಿರಲಿಲ್ಲ.

ಈ ಅಜ್ಜಿಗೂ ಮೊಮ್ಮಗನಿಗೂ ವರ್ಷಕ್ಕೊಂದು ದಿನ ಇತ್ತು. ಮಾರ್ಚ್‌ನಲ್ಲಿ ನಮ್ಮ ದಕ್ಷಿಣದ ಬೇಸಿಗೆ ಮುಗಿದು ಬೆಟ್ಟದ ಗಾಳಿ ತಣ್ಣಗಾದ ಮೇಲೆ ಇಬ್ಬರೂ ಮಂಗಾರಿಕಿ ತೊರೆಗೆ ಹೋಗುತ್ತಿದ್ದರು. ಕಾಡಿನಲ್ಲಿ ಮೂರು ಗಂಟೆಯ ದಾರಿ. ಅಲ್ಲೊಂದು ಅಬ್ಬಿ, ದೊಡ್ಡ ಮರದ ಎರಡರಷ್ಟು ಎತ್ತರದಿಂದ ನೀರು ಧುಮುಕುತ್ತದೆ. ಆ ಅಬ್ಬಿಯ ಮೇಲಿನ ಮಡುಗಳಲ್ಲಿ ಕೋವಾರೋ ಇತ್ತು. ಬೆರಳುದ್ದದ, ಹುರುಪೆಯಿಲ್ಲದ, ಮೈಮೇಲೆ ಹೊಂಬಣ್ಣದ ಮಚ್ಚೆಗಳಿರುವ ಮೀನು ಅದು. ಎದೆಯ ರೆಕ್ಕೆಗಳನ್ನೇ ಕೈ ಮಾಡಿಕೊಂಡು ಒದ್ದೆ ಬಂಡೆ ಹತ್ತುತ್ತದೆ. ಹಿಂದೆ ಇಡೀ ಸರೋವರದ ತುಂಬ ಅದೇ ಇತ್ತು, ನಮ್ಮ ಜನ ಬುಟ್ಟಿಗಟ್ಟಲೆ ತಿಂದರು. ಟ್ರೌಟ್ ಬಂದಮೇಲೆ ಟ್ರೌಟ್ ತಿಂದಿತು, ನಮಗೆ ಉಳಿಸಲಿಲ್ಲ. ಟ್ರೌಟಿಗೆ ಈ ಅಬ್ಬಿ ಹತ್ತಲು ಬರುವುದಿಲ್ಲವಾದ್ದರಿಂದ ಅಲ್ಲೊಂದು ಕಡೆ ಉಳಿದಿತ್ತು. ಅಜ್ಜಿ ಒಂದೇ ಒಂದು ಪುಟ್ಟ ಬುಟ್ಟಿಯಷ್ಟು ಹಿಡಿಸುತ್ತಿದ್ದಳು, ಮೇಲೊಂದು ಮೀನು ಬಿದ್ದರೂ ವಾಪಸ್. ಮನೆಗೆ ತಂದು ಸೊಪ್ಪಿನಲ್ಲಿ ಸುತ್ತಿ ಆವಿಯಲ್ಲಿ ಬೇಯಿಸಿ, ಆಲೂಗಡ್ಡೆಯ ಜೊತೆ ಕೈಯಿಂದ ತಿನ್ನುವಾಗ ಅವಳು ಮಾತೇ ಆಡುತ್ತಿರಲಿಲ್ಲ. ಅವಳು ಮಾತಾಡದೆ ಇರುತ್ತಿದ್ದದ್ದು ವರ್ಷದಲ್ಲಿ ಅದೊಂದೇ ಹೊತ್ತು.

ಸಾವಿರದ ಒಂಬೈನೂರ ಐವತ್ತಾರರ ಶುರುವಿಗೆ ಇಲಾಖೆ ಒಂದು ಫಾರಂ ಕಳಿಸಿತು. ಸುತ್ತಲಿನ ಪ್ರತಿ ತೊರೆಯನ್ನೂ ನಡೆದು ನೋಡಿ ಭರ್ತಿ ಮಾಡಬೇಕು. ನೀರಿನ ತಂಪು ಎಷ್ಟು, ಆಳ ಎಷ್ಟು, ಟ್ರೌಟ್ ಇದೆಯೇ, ಆಹಾರ ಇದೆಯೇ. ಆಹಾರ ಎಂದರೆ ಟ್ರೌಟ್ ತಿನ್ನುವಂಥದ್ದು: ಹುಳ, ಹುಪ್ಪಟೆ, ಬಸವನಹುಳ, ಸಣ್ಣ ಮೀನು. ಕೇಂದ್ರದ ಅಧಿಕಾರಿ ಟ್ರೆಲೋರ್ ಈ ಕೆಲಸವನ್ನು ರಾಪತನಿಗೇ ಒಪ್ಪಿಸಿದ. ತಪ್ಪು ಬರೆಯುವವನಲ್ಲ ಎಂಬ ನಂಬಿಕೆ. ರಾಪತ ಎರಡು ತಿಂಗಳು ಕಾಡು ಸುತ್ತಿ ಹತ್ತೊಂಬತ್ತು ತೊರೆಗಳ ಫಾರಂ ತುಂಬಿಸಿದ. ಎಲ್ಲ ಅಚ್ಚುಕಟ್ಟು, ಒಂದು ಚಿತ್ತಿಲ್ಲ, ಒಂದು ಕಾಟಿಲ್ಲ. ಮಂಗಾರಿಕಿಯಲ್ಲಿ ಅಬ್ಬಿಯ ಮೇಲಿನ ಭಾಗದ್ದನ್ನೂ ತುಂಬಿಸಿದ. ಟ್ರೌಟ್: ಇಲ್ಲ. ಆಹಾರ: ಹೇರಳ, ಸಣ್ಣ ಮೀನು ಗುಂಪುಗುಂಪಾಗಿವೆ.

ಅಜ್ಜಿಯ ಕೋವಾರೋವನ್ನು ತಾನು ಯಾವ ಕಾಲಂನಲ್ಲಿ ಬರೆದೆ ಎಂಬುದು ಆಗ ಅವನ ತಲೆಗೆ ಹೊಳೆಯಲೇ ಇಲ್ಲ. ಅಯ್ಯೋ, ಇದೆಂಥ ಮರೆವು ಎಂದು ನೀವು ಕೇಳಬಹುದು, ನಾನೂ ಕೇಳಿದ್ದೇನೆ. ಇಪ್ಪತ್ತಾರು ವರ್ಷ ಟ್ರೌಟ್ ಸಾಕಿದವನು ನೀರಿನಲ್ಲಿ ಏನೇ ಕಂಡರೂ ಮೊದಲು ಯೋಚಿಸುವುದು, ನಮ್ಮ ಮರಿಗಳು ಇದನ್ನು ತಿನ್ನುತ್ತವೆಯೇ ಎಂದು. ಫಾರಂ ಹಿಡಿದಾಗ ಅವನು ಇಲಾಖೆಯ ಕಣ್ಣಿನಿಂದ ನೋಡಿದ, ಬುಟ್ಟಿ ಹಿಡಿದಾಗ ಅಜ್ಜಿಯ ಕಣ್ಣಿನಿಂದ ನೋಡುತ್ತಿದ್ದ. ಎರಡೂ ಒಂದೇ ಮಡು ಎಂಬುದು ಅವನಿಗೆ ತಟ್ಟಿದ್ದು ಅಕ್ಟೋಬರ್‌ನಲ್ಲಿ.

ಅಂದು ಟ್ರೆಲೋರ್ ಅವನನ್ನು ಕರೆದು ಬೆನ್ನು ತಟ್ಟಿದ. ಇವನ ವರದಿ ರಾಜಧಾನಿ ವೆಲಿಂಗ್ಟನ್‌ನಲ್ಲಿ ಮೆಚ್ಚುಗೆ ಗಳಿಸಿದೆ, ಹತ್ತೊಂಬತ್ತರಲ್ಲಿ ಮಂಗಾರಿಕಿಯೇ ಶ್ರೇಷ್ಠ ಎಂದಾಗಿದೆ, ಗಾಳ ಹಾಕುವ ದೊರೆಗಳಿಗೆ ಹೊಸ ನೀರು ಬೇಕಂತೆ, ನಾಲ್ಕು ಕ್ಯಾನು ಮರಿಗಳನ್ನು ಅಬ್ಬಿಯ ಮೇಲೆ ಬಿಟ್ಟು ಬರಬೇಕು, ಈ ಶುಕ್ರವಾರವೇ. ಜೊತೆಗೆ ಅವನದೇ ಫಾರಂ ಲಗತ್ತಾಗಿತ್ತು, ‘ಆಹಾರ: ಹೇರಳ’ ಎಂಬುದರ ಕೆಳಗೆ ಯಾರೋ ಕೆಂಪು ಶಾಯಿಯಲ್ಲಿ ಗೆರೆ ಎಳೆದಿದ್ದರು. ರಾಪತ ಆ ಕೆಂಪು ಗೆರೆಯ ಮೇಲೆ ಹೆಬ್ಬೆರಳಿಟ್ಟ. ಮರಿಗಳು ಅಲ್ಲಿಗೆ ಹೋದರೆ ಮೂರು ವರ್ಷ, ಹೆಚ್ಚೆಂದರೆ ನಾಲ್ಕು. ಅಷ್ಟರಲ್ಲಿ ಅಜ್ಜಿಯ ಮೀನು ಮುಗಿದಂತೆ. ಅದನ್ನು ಅವನಿಗಿಂತ ಚೆನ್ನಾಗಿ ಬಲ್ಲವರು ಆ ಇಲಾಖೆಯಲ್ಲೇ ಇರಲಿಲ್ಲ.

ಅವನು ಇದ್ದದ್ದನ್ನು ಇದ್ದ ಹಾಗೆ ಹೇಳಿದ. ಟ್ರೆಲೋರ್ ಕೆಟ್ಟವನಲ್ಲ, ಕೇಳಿಸಿಕೊಂಡ. ಆದರೆ ಒಬ್ಬ ಮುದುಕಿಯ ಒಂದು ದಿನದ ಊಟಕ್ಕಾಗಿ ವೆಲಿಂಗ್ಟನ್‌ನ ಆದೇಶ ಹಿಂದಕ್ಕೆ ಹೋಗುವುದಿಲ್ಲ, ವರದಿ ಸುಳ್ಳಾಗಿದ್ದರೆ ಮಾತು ಬೇರೆ, ಸುಳ್ಳು ಬರೆದೆ ಎಂದು ಬರೆದುಕೊಡುತ್ತೀಯಾ ಎಂದು ಕೇಳಿದ. ಸುಳ್ಳು ಬರೆದಿಲ್ಲ ಎಂದು ರಾಪತ ಹೇಳಿದ. ಮಾತು ಅಲ್ಲಿಗೇ ನಿಂತಿತು.

ಅಂದು ಸಂಜೆ ಅಜ್ಜಿಯ ಮನೆಯ ಮೆಟ್ಟಿಲ ಮೇಲೆ ಕೂತು ಅವಳ ಆಲೂಗಡ್ಡೆ ಹೆರೆದುಕೊಡುತ್ತಾ ಎಲ್ಲವನ್ನೂ ಹೇಳಿಕೊಂಡ. ಮುಖ ನೋಡುವ ಧೈರ್ಯವಿರಲಿಲ್ಲ. ಅವಳಿಗೆ ಕಾಣುವುದಿಲ್ಲ ಎಂದು ಗೊತ್ತಿದ್ದರೂ ತಲೆ ತಗ್ಗಿಸಿಯೇ ಹೇಳಿದ. ಅವಳು ತನ್ನ ಅಪ್ಪನ ಕಥೆ ತೆಗೆದಳು. ಅವಳು ಮದುವೆಯಾಗದ ಹುಡುಗಿಯಾಗಿದ್ದಾಗ ಮೊದಲ ಟ್ರೌಟ್ ಮರಿಗಳು ಗಾಡಿಯಲ್ಲಿ ಬಂದವಂತೆ. ಗಾಡಿಯ ದಾರಿ ಮುಗಿದ ಕಡೆ ಬಿಳಿಯರು ಕೈಚೆಲ್ಲಿ ನಿಂತಾಗ ಅವಳ ಅಪ್ಪನೂ ಚಿಕ್ಕಪ್ಪನೂ ಕ್ಯಾನುಗಳನ್ನು ಹೆಗಲ ಮೇಲೆ ಹೊತ್ತು ಸರೋವರಕ್ಕೆ ತಂದರು. ದಡದಲ್ಲಿ ಹೆಂಗಸರು ನಿಂತಿದ್ದರು.

“ನೆಂಟ್ರು ಬಂದ್ರೆ ಹಾಡಿ ಕರೀತೀವಲ್ಲ, ಹಂಗೇ ಕರದ್ವಿ. ಅವತ್ತು ನಂದೇ ಗಂಟ್ಲು ಎಲ್ರಿಗಿಂತ ಜೋರು,” ಎಂದಳು ಅಜ್ಜಿ. “ಹತ್ತು ವರ್ಷಕ್ಕೆ ನಮ್ ಬುಟ್ಟಿ ಖಾಲಿ.”

“ನಾನೇ ಬರ್ದುಕೊಟ್ಟೆ ಕುಯಿ. ಈ ಕೈಯಲ್ಲೇ ಬರ್ದೆ.”

“ಬರ್ದಿದ್ರಲ್ಲಿ ಸುಳ್ಳೇನಿದೆ? ಊಟ ಇದೆ ಅಂತ ಬರ್ದೆ. ಇದೆ. ಯಾರ ಊಟ ಅಂತ ಬರೀಲಿಲ್ಲ, ಅಷ್ಟೇ.”

“ಆ ಕಾಗ್ದದಲ್ಲಿ ಅದಕ್ಕೆ ಜಾಗ ಇಲ್ಲ.”

“ಜಾಗ ಮಾಡು.”

ಅವಳು ಎದ್ದು ಒಳಗೆ ಹೋಗುವಾಗ ಬಾಗಿಲಲ್ಲಿ ನಿಂತಳು. “ಇನ್ನೊಂದು ಮಾತು, ಮೊಕೊ. ದಾರೀಲಿ ನಿಲ್ಬೇಡ. ಆ ಮರಿಗಳನ್ನ ಸಾಯಿಸ್ಬೇಡ. ನಾನು ಹಾಡಿ ಕರೆದೋರು ಅವ್ರು.”

ರಾಪತನ ಕೈಯಲ್ಲಿದ್ದ ಆಲೂಗಡ್ಡೆ ಜಾರಿ ಬಿತ್ತು. ಮುದುಕಿ ಅವನ ಹೊಟ್ಟೆಯಲ್ಲಿದ್ದದ್ದನ್ನು ಓದಿಬಿಟ್ಟಿದ್ದಳು. ಮರಿಗಳನ್ನು ಕುದುರೆಯ ಮೇಲೆ ಸಾಗಿಸುವಾಗ ಕುದುರೆ ನಿಲ್ಲಬಾರದು. ನಡೆಯುತ್ತಿದ್ದರೆ ಕ್ಯಾನು ಕುಲುಕಿ ನೀರಿಗೆ ಗಾಳಿ ಸೇರುತ್ತದೆ, ನಿಂತರೆ ಕಾಲು ಗಂಟೆಯಲ್ಲಿ ಮರಿಗಳು ಬಾಯಿ ಬಿಡುತ್ತವೆ. ಬೂಟಿನ ದಾರ ಬಿಚ್ಚಿದರೂ ನಿಲ್ಲುವಂತಿಲ್ಲ, ರೊಟ್ಟಿ ತಿನ್ನುವುದೂ ನಡೆಯುತ್ತಲೇ. ಇಪ್ಪತ್ತಾರು ವರ್ಷದಲ್ಲಿ ಅವನು ಒಂದು ಕ್ಯಾನನ್ನೂ ಸಾಯಿಸಿರಲಿಲ್ಲ. ಶುಕ್ರವಾರ ಕಾಡಿನಲ್ಲಿ ಕುದುರೆ ನಿಲ್ಲಿಸಿ ಒಂದು ಸಿಗರೇಟು ಸುತ್ತಿಕೊಂಡರೆ ಸಾಕು, ಯಾರಿಗೂ ಗೊತ್ತಾಗುವುದಿಲ್ಲ ಎಂದು ಅವನು ಬೆಳಗಿನಿಂದ ಲೆಕ್ಕ ಹಾಕಿದ್ದ. ಲೆಕ್ಕ ಹಾಕಿದ್ದರೂ ಮನಸ್ಸು ಒಪ್ಪಿರಲಿಲ್ಲ. ಆ ಮರಿಗಳ ತಾಯಂದಿರ ಹೊಟ್ಟೆಯನ್ನು ನೀವಿದವನು ಅವನೇ ಅಲ್ಲವೇ.

ಶುಕ್ರವಾರ ಅವನು ನಿಲ್ಲಲಿಲ್ಲ. ಕುದುರೆಯ ಮುಂದೆ ಮುಂದೆ ಮೂರು ಗಂಟೆ ನಡೆದ. ಹಳ್ಳ ಸಿಕ್ಕಿದಲ್ಲಿ ನಡೆಯುತ್ತಲೇ ಮಗ್ಗಿನಿಂದ ಹೊಸ ನೀರು ಹೊಯ್ದ. ಅಬ್ಬಿಯ ಬುಡಕ್ಕೆ ಬಂದಾಗ ಬಲಕ್ಕೆ ತಿರುಗಿದರೆ ಮೇಲಕ್ಕೆ ಹತ್ತುವ ಜಾಡು, ಎಡಕ್ಕೆ ಅಬ್ಬಿ ಬೀಳುವ ದೊಡ್ಡ ಮಡು. ಅವನು ಎಡಕ್ಕೆ ತಿರುಗಿದ. ಕ್ಯಾನುಗಳನ್ನು ಇಳಿಸಿ, ಮಡುವಿನ ನೀರನ್ನು ಒಂದೊಂದೇ ಮಗ್ಗು ಮೊಗೆದು ಎತ್ತರದಿಂದ ಕ್ಯಾನಿಗೆ ಹೊಯ್ಯುತ್ತಾ ಒಂದು ಗಂಟೆ ಕೂತ. ಹೊಸ ನೀರಿನ ತಂಪು ಮರಿಗಳಿಗೆ ಒಗ್ಗಬೇಕು, ಒಮ್ಮೆಗೇ ಸುರಿದರೆ ಗಾಬರಿಯಲ್ಲೇ ಸಾಯುತ್ತವೆ. ಆಮೇಲೆ ಕ್ಯಾನಿನ ಬಾಯಿಯನ್ನು ನೀರಿಗೆ ತಾಗಿಸಿ ಓರೆ ಮಾಡಿದ. ಒಂದೂ ಸತ್ತಿರಲಿಲ್ಲ. ತಲೆಯೆತ್ತಿ ನೋಡಿದರೆ ಅಬ್ಬಿಯ ಪಕ್ಕದ ಪಾಚಿ ಬಂಡೆಯ ಮೇಲೆ ಅಲ್ಲೊಂದು ಇಲ್ಲೊಂದು ಕೋವಾರೋ ಅಂಟಿಕೊಂಡು ಮೇಲಕ್ಕೆ ತೆವಳುತ್ತಿದ್ದವು. ಅವನಿಗೆ ಅಳು ಬಂತು, ಯಾರೂ ಇರಲಿಲ್ಲವಾದ್ದರಿಂದ ಅತ್ತ.

ಮರುದಿನ ಟ್ರೆಲೋರ್ ಮೇಜಿನ ಮೇಲೆ ಎರಡು ಕಾಗದ ಇದ್ದವು. ಒಂದರಲ್ಲಿ, ನಾಲ್ಕು ಕ್ಯಾನು ಮರಿಗಳನ್ನು ಆದೇಶಕ್ಕೆ ವಿರುದ್ಧವಾಗಿ ಅಬ್ಬಿಯ ಕೆಳಗೆ ಬಿಟ್ಟಿದ್ದೇನೆ, ಎಲ್ಲವೂ ಜೀವಂತ ಎಂದಿತ್ತು. ಇನ್ನೊಂದು ಮಂಗಾರಿಕಿಯ ಹೊಸ ಫಾರಂ. ‘ಆಹಾರ: ಹೇರಳ’ ಎಂಬುದರ ಪಕ್ಕದಲ್ಲಿ ಅಡಿಪಟ್ಟಿ ಇಟ್ಟು ಗೆರೆ ಎಳೆದು ಹೊಸ ಕಾಲಂ ಮಾಡಿದ್ದ. ತಲೆಯಲ್ಲಿ ‘ಯಾರದು’ ಎಂದು ಬರೆದು, ಕೆಳಗೆ ‘ರೀಪೆಕಾ, ವಯಸ್ಸು ಎಂಬತ್ತಮೂರು, ಈ ಊರಿನವರು’ ಎಂದು ತುಂಬಿಸಿದ್ದ.

ಟ್ರೆಲೋರ್ ಕನ್ನಡಕ ತೆಗೆದು ಹಣೆ ಉಜ್ಜಿಕೊಂಡ. “ಮೇಲೆ ಬಿಟ್ಟೆ ಅಂತ ಬರ್ದಿದ್ರೆ ಯಾರಯ್ಯ ನೋಡೋಕೆ ಹೋಗ್ತಿದ್ರು?”

“ಎರಡು ವರ್ಷ ಬಿಟ್ಟು ನೋಡ್ತಿದ್ರು, ಮಿಸ್ಟರ್ ಟ್ರೆಲೋರ್. ಮೀನಿಲ್ಲ ಅಂತ ಇನ್ನೂ ನಾಲ್ಕು ಕ್ಯಾನು ಕಳಿಸ್ತಿದ್ರು.”

ಎರಡು ಕಾಗದವೂ ವೆಲಿಂಗ್ಟನ್‌ಗೆ ಹೋದವು. ಟ್ರೆಲೋರ್ ತನ್ನ ಕಡೆಯಿಂದ ಏನೋ ಸೇರಿಸಿದ್ದಿರಬೇಕು, ಅದನ್ನು ಅವನು ಎಂದೂ ಬಾಯಿ ಬಿಟ್ಟು ಹೇಳಲಿಲ್ಲ. ಉತ್ತರ ಬರಲು ಏಳು ತಿಂಗಳು ಹಿಡಿಯಿತು. ಆದೇಶ ಮೀರಿದ್ದಕ್ಕೆ ಸದರಿ ನೌಕರನನ್ನು ಮರಿ ಕೇಂದ್ರದಿಂದ ತೆಗೆದು ಜಿಂಕೆ ವಿಭಾಗದ ಉಗ್ರಾಣಕ್ಕೆ ಹಾಕಿದೆ. ಮಂಗಾರಿಕಿ ವಿಷಯ, ಸದರಿ ವೃದ್ಧೆ ಜೀವಂತರಾಗಿರುವವರೆಗೆ ಮುಂದೂಡಿದೆ. ಸರ್ಕಾರದ ಕಾಗದದಲ್ಲಿ ಅಷ್ಟು ಮೃದುವಾದ ವಾಕ್ಯವನ್ನು ನಾನು ಮತ್ತೆ ಕಂಡಿಲ್ಲ. ಅಜ್ಜಿಗೆ ಓದಿ ಹೇಳಿದಾಗ ಅವಳು ನಕ್ಕು, ಸರ್ಕಾರ ನನ್ನ ಸಾವಿಗೆ ಕಾಯುತ್ತಾ ಕೂತಿದೆ, ಕೂರಿಸೋಣ ಎಂದಳು.

ಕೂರಿಸಿದಳು ಕೂಡ, ಮತ್ತೆ ನಾಲ್ಕು ಮಾರ್ಚ್ ತಿಂಗಳು. ಕೊನೆಯ ಎರಡು ಸಲ ಅವಳಿಂದ ನಡೆಯಲಾಗದೆ ರಾಪತನೊಬ್ಬನೇ ಹೋಗಿ ಬುಟ್ಟಿ ತಂದ. ಉಳಿದ ದಿನಗಳಲ್ಲಿ ಅವನು ಉಗ್ರಾಣದಲ್ಲಿ ಕೂತು ಟಿಯಾಕಿ ಮತ್ತು ಅವನ ಸಂಗಡಿಗರು ತಂದ ಒಣಗಿದ ಬಾಲಗಳನ್ನು ಎಣಿಸಿ ಕಟ್ಟುತ್ತಿದ್ದ. ಟಿಯಾಕಿ ಆ ಹಳೆಯ ಮಾತನ್ನು ಮತ್ತೆ ಎತ್ತಲಿಲ್ಲ. ಚಳಿಗಾಲದಲ್ಲಿ ಮರಿ ಕೇಂದ್ರದ ಬೋಗುಣಿಗಳ ಸದ್ದು ಗೋಡೆಯಾಚೆಯಿಂದ ಕೇಳಿದಾಗ ರಾಪತನ ಹೆಬ್ಬೆರಳು ತಾನಾಗಿಯೇ ಮೇಜಿನ ಮೇಲೆ ಮೇಲಿಂದ ಕೆಳಕ್ಕೆ ನೀವುತ್ತಿತ್ತು. ಅವನು ಎಂದೂ ಗೊಣಗಲಿಲ್ಲ, ಆದರೆ ಆ ಕೆಲಸ ಹೋದದ್ದಕ್ಕೆ ಅವನಿಗೆ ಸಂಕಟವಿತ್ತು.

ಅರವತ್ತೊಂದರ ಜೂನ್‌ನಲ್ಲಿ ರೀಪೆಕಾ ತೀರಿಕೊಂಡಳು. ನಮ್ಮ ಪದ್ಧತಿಯಂತೆ ಮೂರು ದಿನ ಊರು ಅವಳ ಸುತ್ತ ಕೂತು ಹಾಡಿತು, ಅತ್ತಿತು, ಅವಳ ನಾಲಿಗೆಯ ಏಟು ತಿಂದವರೆಲ್ಲ ಒಬ್ಬೊಬ್ಬರಾಗಿ ಎದ್ದು ಆ ಏಟುಗಳನ್ನು ನೆನೆದು ನಗಿಸಿದರು. ಟ್ರೆಲೋರ್ ಹ್ಯಾಟು ಕೈಯಲ್ಲಿ ಹಿಡಿದುಕೊಂಡು ಬಂದು ಮೂಲೆಯಲ್ಲಿ ಕೂತಿದ್ದ. ಟ್ರೌಟನ್ನು ನಮ್ಮಲ್ಲಿ ಕೊಳ್ಳುವಂತಿಲ್ಲ, ಮಾರುವಂತಿಲ್ಲ, ಅವನು ತಾನೇ ಗಾಳ ಹಾಕಿ ಹಿಡಿದ ಆರು ಮೀನುಗಳನ್ನು ಅಡುಗೆಮನೆಗೆ ಕೊಟ್ಟಿದ್ದ.

ಹೂರಿಯಾಗೆ ಮದುವೆಯಾಗಿ ಎರಡು ವರ್ಷವಾಗಿತ್ತು, ಆಗ ಅವಳು ತುಂಬು ಗರ್ಭಿಣಿ. ಆಗಸ್ಟ್‌ನಲ್ಲಿ ಹೆಣ್ಣು ಹುಟ್ಟಿತು. ಮಾಕರೆತಾ ಕೂಸನ್ನು ತಂದು ರಾಪತನ ಮುಂದೆ ಹಿಡಿದಾಗ ಅವನು ಹಳೆಯ ಅಭ್ಯಾಸದಂತೆ ಕೈಗಳನ್ನು ಹಿಂದಕ್ಕೆ ಕಟ್ಟಿಕೊಂಡ, ಮಗು ಬೆಚ್ಚುತ್ತದೆ ಎಂದ. ಅವಳು ಬೈದು, ಕೈ ಎಳೆದು, ಅಂಗೈಯಲ್ಲಿ ಕೂಸನ್ನು ಇಟ್ಟೇ ಬಿಟ್ಟಳು. ಅದು ಏಳಲಿಲ್ಲ. ನೀರು ಬಿಟ್ಟು ನಾಲ್ಕು ವರ್ಷವಾಗಿ ಅವನ ಕೈ ಬೆಚ್ಚಗಾಗಿತ್ತು. ಅದು ಅವನಿಗೆ ತಿಳಿದದ್ದೇ ಆಗ.

ಅದಾದ ವಾರಕ್ಕೆ ಇಲಾಖೆಯ ಕಾಗದ ಬಂತು. ಮಂಗಾರಿಕಿ ವಿಷಯದಲ್ಲಿ, ಸದರಿ ವೃದ್ಧೆ ಈಗಲೂ ಜೀವಂತರಾಗಿದ್ದಾರೆಯೇ ಎಂದು ಕೂಡಲೇ ತಿಳಿಸುವುದು. ಇಲ್ಲವಾದಲ್ಲಿ ಈ ವಸಂತದಲ್ಲೇ ಆರು ಕ್ಯಾನು ಮರಿಗಳನ್ನು ಅಬ್ಬಿಯ ಮೇಲೆ ಬಿಡಲಾಗುವುದು. ಟ್ರೆಲೋರ್ ಅದನ್ನು ತಾನೇ ಉಗ್ರಾಣಕ್ಕೆ ತಂದು ಮೇಜಿನ ಮೇಲಿಟ್ಟು, ಕಿಟಕಿಯ ಹೊರಗೆ ನೋಡುತ್ತಾ ನಿಂತ. ಟಿಯಾಕಿ ಅಲ್ಲೇ ಬಾಲ ಎಣಿಸುತ್ತಿದ್ದವನು, ಇದ್ದಾಳೆ ಅಂತ ಬರೆದು ಬಿಸಾಕು, ವೆಲಿಂಗ್ಟನ್‌ನಿಂದ ಮುದುಕಿಯ ನಾಡಿ ಹಿಡಿಯಲು ಯಾರು ಬರುತ್ತಾರೆ ಎಂದ. ರಾಪತ ಬೇಡವೆಂದು ತಲೆಯಾಡಿಸಿದ. ಇದುವರೆಗೆ ಬರೆಯದ ಸುಳ್ಳನ್ನು ಅವಳ ಹೆಸರಿನಲ್ಲಿ ಬರೆಯುವುದಿಲ್ಲ ಎಂದ. ಖಾನೆಯಿಂದ ಒಂದು ಖಾಲಿ ಫಾರಂ ತೆಗೆದು, ಅಡಿಪಟ್ಟಿ ಇಟ್ಟು ಗೆರೆ ಎಳೆದು, ನಿಧಾನವಾಗಿ ತುಂಬಿಸಿ ಟ್ರೆಲೋರ್ ಕೈಗೆ ಕೊಟ್ಟ.

ಟ್ರೆಲೋರ್ ಓದಿದ. ಮತ್ತೊಮ್ಮೆ ಓದಿದ. ಆಮೇಲೆ ಜೇಬಿನಿಂದ ಪೆನ್ನು ತೆಗೆದು, ನಿಂತಲ್ಲೇ, ಕೆಳಗೆ ‘ಪರಿಶೀಲಿಸಿದೆ, ಸರಿಯಿದೆ’ ಎಂದು ಬರೆದು ಸಹಿ ಹಾಕಿದ.

ಆ ಫಾರಂ ಈಗಲೂ ಕಡತದಲ್ಲಿದೆ. ಮಂಗಾರಿಕಿ, ಅಬ್ಬಿಯ ಮೇಲಿನ ಭಾಗ. ಟ್ರೌಟ್: ಇಲ್ಲ. ಆಹಾರ: ಹೇರಳ. ಯಾರದು: ಹಿಂದಿನವರು ತೀರಿಕೊಂಡಿದ್ದಾರೆ. ಈಗ ಅವರ ಮರಿಮೊಮ್ಮಗಳ ಮಗಳದು. ಹೆಸರು ರೀಪೆಕಾ, ವಯಸ್ಸು ಹನ್ನೊಂದು ದಿನ.